ಚಿಪ್‌ಗಳ ಮಾದರಿ ಮತ್ತು ಆವೃತ್ತಿಗಳ ನಿರ್ಣಯ

ಸವದತ್ತಿಯ ರಟ್ಟರ ಶಾಸನಗಳನ್ನು ಕುರಿತು ವಿಚಾರಮಾಡಿದವರೆಲ್ಲರೂ ಒಂದು ತೊಡಕನ್ನು ಎದುರಿಸಿದ್ದಾರೆ. ಅಲ್ಲಿಯ ಒಂದು ಕಲ್ಲಿನಲ್ಲಿ ರಟ್ಟವಂಶದ ಪೃಥ್ವೀರಾಮನು ಕೃಷ್ಣರಾಜನ ಸಾಮಂತನಾಗಿದ್ದನೆಂದು ಹೇಳಿ, ಶಕವರ್ಷ ೭೯೭ (ಕ್ರಿ. ಶ. ೮೭೫) ಎಂದು ಕಾಲವನ್ನು ಕೊಟ್ಟಿದೆ. ಆದರೆ ಈ ಪೃಥ್ವೀರಾಮನ ಮೊಮ್ಮಗನಾದ ಶಾಂತಿವರ್ಮನ ಶಾಸನವು ಶಕವರ್ಷ ೯೦೨ಕ್ಕೆ (ಕ್ರಿ. ಶ. ೯೮೦) ಸೇರಿದುದು. ಬೈಲಹೊಂಗಲ ತಾಲೂಕಿನ ಸೊಗಲದ ಶಾಸನವೂ ಅದೇ ಶಕವರ್ಷದ್ದಾಗಿ, ಚಾಲುಕ್ಯ ತೈಲಪನ ಆಳಿಕೆಯನ್ನೂ ರಟ್ಟ ಸಾಮಂತನ ಹೆಸರನ್ನೂ ಹೇಳುವುದರಿಂದ ಆ ಕಾಲದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಹೀಗಿರಲು ಅಜ್ಜನಿಗೂ ಮೊಮ್ಮಗನಿಗೂ ನಡುವೆ ೧೦೫ ವರ್ಷಗಳ ಅಂತರವುಂಟಾಗುತ್ತದೆ. ಇದು ಸಹಜವಾಗಿ ಒಪ್ಪತಕ್ಕ ಅಂತರವಲ್ಲ. ಅದೂ ಅಲ್ಲದೆ ಆ ಕಲ್ಲಿನಲ್ಲಿ ಬೇರೆ ಬೇರೆ ಕಾಲದ ದಾನಗಳನ್ನು ಹಿಂದಿನಿಂದ ಒಟ್ಟುಗೂಡಿಸಿ ಕೆತ್ತಿರುವುದು ಕಂಡುಬರುತ್ತದೆ. ಈ ಕಾರಣಗಳಿಂದ ಫ್ಲೀಟ್ ಅವರು ಕಲ್ಲು ಹೇಳುವ ಕಾಲವನ್ನು ಒಪ್ಪದೆ, ಅಲ್ಲಿಯ ಕೃಷ್ಣರಾಜನು ಮುಮ್ಮಡಿ ಕೃಷ್ಣನೇ ಆಗಿರಬೇಕೆಂದು ಅಭಿಪ್ರಾಯಪಟ್ಟರು.

ವಸ್ತುವೊಂದು ತನ್ನ ವಿಷಯದಲ್ಲಿ ತಾನೇ ಹೇಳಿಕೊಳ್ಳುವ ಮಾತು ಮೊದಲನೆಯ ಸಾಕ್ಷ್ಯವೆಂದೂ, ಬೇರೆ ಸಾಕ್ಷ್ಯಗಳೊಡನೆ ಅದು ಹೊಂದದಿದ್ದಲ್ಲಿ ಅದನ್ನು ಪರೀಕ್ಷಿಸಲೇಬೇಕೆಂದೂ ಶಾಸನಶಾಸ್ತ್ರವೂ ಗ್ರಂಥಸಂಪಾದನಶಾಸ್ತ್ರವೂ ನಮಗೆ ಕಲಿಸಿವೆ. ಇದೇ ನ್ಯಾಯವು ಇಂದು ಗಣಕಯಂತ್ರಗಳ ಒಳಗೆ, ಯಂತ್ರವು ಎಚ್ಚರಗೊಳ್ಳುವ ಪ್ರತಿಯೊಂದು ಸಲವೂ, ಮನುಷ್ಯನ ಕಣ್ಣಿಗೆ ಬೀಳದಂತೆ ನಡೆಯುತ್ತಿರುವುದೆಂಬ ಸಂಗತಿಯು ನಮ್ಮ ವಿದ್ವಾಂಸರ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಕರ್ನಲ್ ಡ್ರೈವರುಗಳನ್ನು ರಚಿಸುವವರು ಚಿಪ್‌ಗಳ ಮಾದರಿಯನ್ನೂ ಆವೃತ್ತಿಯನ್ನೂ ನಿರ್ಣಯಿಸುವುದು ಹೇಗೆ, ಆ ನಿರ್ಣಯವು ತಪ್ಪಿದರೆ ಆಗುವ ಹಾನಿಯೇನು, ತಪ್ಪದಂತೆ ಅವರು ಪಾಲಿಸುವ ಕ್ರಮವೇನು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

೧. ಡ್ರೈವರಿನ ಸ್ವರೂಪ

ಗಣಕಯಂತ್ರದ ಬಿಡಿಭಾಗಗಳಿಗೂ ನಾವು ಬಳಸುವ ತಂತ್ರಾಂಶಗಳಿಗೂ ನಡುವೆ ನಿಂತು ಎಲ್ಲ ವ್ಯವಹಾರವನ್ನೂ ನಡೆಸತಕ್ಕ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಈ ಕರ್ನಲ್ಲಿನಲ್ಲಿ ಒಂದೊಂದು ಬಗೆಯ ಚಿಪ್ಪನ್ನು ನಡೆಸುವುದಕ್ಕೆ ಒಂದೊಂದು ಭಾಗವಿರುತ್ತದೆ. ಅದೇ ಡ್ರೈವರ್. ಚಿಪ್ಪಿನೊಳಗೆ ರಿಜಿಸ್ಟರುಗಳೆಂಬ ಚಿಕ್ಕ ಚಿಕ್ಕ ಕೋಶಗಳಿರುತ್ತವೆ. ಇಂಥ ಕೋಶದಲ್ಲಿ ಇಂಥ ಅಂಕಿಯನ್ನು ಬರೆದರೆ ಇಂಥ ಕೆಲಸವಾಗುವುದೆಂದು ತಯಾರಕನು ಗೊತ್ತುಮಾಡಿರುತ್ತಾನೆ. ಡ್ರೈವರು ಆ ಕೋಶಗಳನ್ನು ಓದುತ್ತದೆ, ಬರೆಯುತ್ತದೆ. ಅದರ ಕೆಲಸವೆಲ್ಲವೂ ಇಷ್ಟರಲ್ಲಿಯೇ ಅಡಗಿದೆ.

ಕಷ್ಟವು ಬರುವುದು ಇಲ್ಲಿಂದ ಮುಂದೆ. ಒಂದೇ ಕುಲದ ಚಿಪ್‌ಗಳಲ್ಲಿ ಹತ್ತಾರು ಮಾದರಿಗಳಿರುತ್ತವೆ. ಒಂದೇ ಮಾದರಿಯಲ್ಲಿಯೂ ಕಾಲಕಾಲಕ್ಕೆ ತಿದ್ದಿ ಅಚ್ಚುಹಾಕಿದ ಆವೃತ್ತಿಗಳಿರುತ್ತವೆ. ಮಾದರಿಯು ಗ್ರಂಥದ ಹೆಸರಿನಂತೆ. ಆವೃತ್ತಿಯು ಅದರ ಮುದ್ರಣದಂತೆ. ಎರಡನೆಯ ಮುದ್ರಣದಲ್ಲಿ ಮೊದಲನೆಯದರ ತಪ್ಪುಗಳನ್ನು ತಿದ್ದಿರಬಹುದು, ಹೊಸದೊಂದು ಪ್ರಕರಣವನ್ನು ಸೇರಿಸಿರಬಹುದು, ಒಮ್ಮೊಮ್ಮೆ ಹೊಸ ತಪ್ಪೂ ಸೇರಿರಬಹುದು. ಹೊರಗಿನ ರಕ್ಷಾಪುಟ ಮಾತ್ರ ಒಂದೇ ತೆರನಾಗಿರುತ್ತದೆ. ಪುಸ್ತಕಕ್ಕೆ ತಪ್ಪೊಪ್ಪುಗಳ ಪಟ್ಟಿಯನ್ನು ಅಂಟಿಸುವಂತೆ ಚಿಪ್ಪಿನ ತಯಾರಕರೂ ಪ್ರತಿಯೊಂದು ಆವೃತ್ತಿಗೂ ದೋಷಗಳ ಪಟ್ಟಿಯೊಂದನ್ನು ಪ್ರಕಟಿಸುತ್ತಾರೆ. ಆ ಪಟ್ಟಿಯನ್ನು ಓದಿ, ಯಾವ ಆವೃತ್ತಿಯಲ್ಲಿ ಯಾವ ದೋಷವಿದೆಯೋ ಅದಕ್ಕೆ ತಕ್ಕ ಪರಿಹಾರವನ್ನು ಮಾಡುವುದು ಡ್ರೈವರಿನ ಹೊಣೆ.

೨. ಸಿಂಪ್ಯೂಟರಿನ ಚಿಪ್ಪು

ನಮ್ಮ ನಾಡಿನಿಂದಲೇ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಎಂಬ ತಂತ್ರಾಂಶ ಸಂಸ್ಥೆಯವರೂ ಕೂಡಿ, ಓದುಬರಹ ಬಾರದವರಿಗೂ ದೇಶಭಾಷೆಗಳಲ್ಲಿ ಉಪಯೋಗಕ್ಕೆ ಬರುವಂಥ ಅಂಗೈಯಗಲದ ಗಣಕವೊಂದನ್ನು ರಚಿಸಲು ೧೯೯೯ರಲ್ಲಿ ಸಿಂಪ್ಯೂಟರ್ ಟ್ರಸ್ಟನ್ನು ಸ್ಥಾಪಿಸಿದರು. ೨೦೦೧ರಲ್ಲಿ ಅದರ ಮೊದಲ ರೂಪವು ಹೊರಬಂದಿತು. ೨೦೦೪ರಲ್ಲಿ ಪಿಕೋಪೇಟ ಸಂಸ್ಥೆಯೂ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯೂ ಸೇರಿ ‘ಅಮಿಡ’ ಎಂಬ ಸಿಂಪ್ಯೂಟರನ್ನು ಮಾರಾಟಕ್ಕೆ ತಂದರು. ಅದರ ಕರ್ನಲ್ ಲಿನಕ್ಸ್. ಅದರ ಹೃದಯಸ್ಥಾನದಲ್ಲಿದ್ದುದು ಸ್ಟ್ರಾಂಗ್‌ಆರ್ಮ್ ಕುಲದ ಎಸ್‌ಎ-೧೧೧೦ ಎಂಬ ಇಂಟೆಲ್ ಸಂಸ್ಥೆಯ ಚಿಪ್ಪು.

ಕರ್ನಾಟಕದ ಭೂದಾಖಲೆಯ ಕೆಲಸದಲ್ಲಿಯೂ ಸಿಂಪ್ಯೂಟರನ್ನು ಬಳಸಿದುದುಂಟು. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ೧೭೭ ತಾಲೂಕುಗಳ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ರೈತರ ಉತಾರಗಳೂ ಅವುಗಳಲ್ಲಿ ಸೇರಿದ್ದುವು. ಕಿತ್ತೂರು ಆಗ ಬೈಲಹೊಂಗಲ ತಾಲೂಕಿಗೇ ಸೇರಿದ್ದಿತು. ಉತಾರದಲ್ಲಿಯ ಒಂದು ಅಂಕಿಯ ಮೇಲೆ ರೈತನ ಬೆಳೆಸಾಲವೂ, ಅಣ್ಣತಮ್ಮಂದಿರ ಪಾಲೂ, ಕೋರ್ಟಿನ ತೀರ್ಪೂ ನಿಂತಿರುವುದನ್ನು ಈ ಭಾಗದ ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಅಂಥ ಅಂಕಿಗಳನ್ನು ಹೊರತಕ್ಕ ಯಂತ್ರದಲ್ಲಿ ಚಿಪ್ಪಿನ ಗುರುತು ತಪ್ಪಬಾರದೆಂಬುದು ಕೇವಲ ತಾಂತ್ರಿಕರ ಹಟವಲ್ಲ.

ಈ ಎಸ್‌ಎ-೧೧೧೦ ತನ್ನ ಗುರುತನ್ನು ಒಂದು ರಿಜಿಸ್ಟರಿನಲ್ಲಿ ೩೨ ಬಿಟ್‌ಗಳಲ್ಲಿ ಇಟ್ಟುಕೊಂಡಿರುತ್ತದೆ. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಎರಡರಲ್ಲಿ ಒಂದನ್ನು ಹೇಳುವ ಸ್ಥಾನ. ನಾಲ್ಕು ಬಿಟ್‌ಗಳನ್ನು ಕೂಡಿಸಿ ಒಂದು ಚಿಹ್ನೆಯಿಂದ ಬರೆಯುವುದು ವಾಡಿಕೆ. ಹಾಗೆ ಬರೆಯಲು ಹದಿನಾರು ಚಿಹ್ನೆಗಳು ಬೇಕಾಗುವುದರಿಂದ ೦ಯಿಂದ ೯ರ ವರೆಗಿನ ಅಂಕಿಗಳಾದ ಮೇಲೆ ಎ, ಬಿ ಮೊದಲಾಗಿ ಎಫ್ ವರೆಗಿನ ಅಕ್ಷರಗಳನ್ನು ಬಳಸುತ್ತಾರೆ. ಈ ಕ್ರಮದಲ್ಲಿ ನಮ್ಮ ಚಿಪ್ಪಿನ ಗುರುತು ‘೬೯೦೧ಬಿ೧೧’ ಎಂಬ ಏಳು ಚಿಹ್ನೆಗಳೂ ಕೊನೆಯಲ್ಲಿ ಬದಲಾಗತಕ್ಕ ಒಂದು ಚಿಹ್ನೆಯೂ ಕೂಡಿ ಆಗಿದೆ.

ಇದನ್ನು ಶಾಸನದ ಸಾಲಿನಂತೆ ಪದಚ್ಛೇದ ಮಾಡಿ ಓದಬಹುದು. ಮೊದಲ ಎರಡು ಚಿಹ್ನೆಗಳು, ಎಂದರೆ ೬೯, ತಯಾರಕನ ಹೆಸರು. ಮುಂದಿನ ಸೊನ್ನೆ ಪ್ರಭೇದವನ್ನೂ, ಅದರ ಮುಂದಿನ ಒಂದು ಚಿಪ್ಪು ಅನುಸರಿಸುವ ಆಜ್ಞಾಕ್ರಮದ ತಲೆಮಾರನ್ನೂ ತಿಳಿಸುತ್ತವೆ. ‘ಬಿ೧೧’ ಎಂಬುದು ಮಾದರಿ. ಕೊನೆಯ ಚಿಹ್ನೆ ಆವೃತ್ತಿ. ೬೯ ಎಂಬುದು ಅಕ್ಷರಗಳನ್ನು ಅಂಕಿಗಳಿಂದ ಸೂಚಿಸುವ ಸಂಕೇತದಲ್ಲಿ ಸಣ್ಣ ‘ಐ’ ಎಂಬ ಆಂಗ್ಲ ಅಕ್ಷರ. ಅದು ಇಂಟೆಲ್ ಎಂಬ ಹೆಸರಿನ ಮೊದಲಕ್ಷರ. ಇದಕ್ಕಿಂತ ಹಿಂದಿನ ಎಸ್‌ಎ-೧೧೦೦ ಎಂಬ ಚಿಪ್ಪಿನ ಗುರುತು ‘೪೪’ರಿಂದ ಮೊದಲಾಗುತ್ತದೆ, ಅದು ದೊಡ್ಡ ‘ಡಿ’ ಅಕ್ಷರ. ಸ್ಟ್ರಾಂಗ್‌ಆರ್ಮ್ ಕುಲವನ್ನು ಮೊದಲು ರಚಿಸಿದವರು ಡಿಜಿಟಲ್ ಎಂಬ ಸಂಸ್ಥೆಯವರು. ೧೯೯೭ರ ಒಪ್ಪಂದದ ಮೇರೆಗೆ ಅದು ಇಂಟೆಲ್ಲಿಗೆ ಬಂದಿತು. ಒಡೆತನ ಕೈಬದಲಾಯಿಸಿದ ಚರಿತ್ರೆಯು ಹೀಗೆ ಎರಡು ಚಿಹ್ನೆಗಳಲ್ಲಿ ಉಳಿದುಕೊಂಡಿದೆ. ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆಯುವ ಮಾತುಗಳಿಂದ ಗ್ರಂಥದ ಪರಂಪರೆಯನ್ನು ಕಂಡುಕೊಳ್ಳುವವರಿಗೆ ಇದು ಹೊಸದಾಗಿ ತೋರಲಾರದು.

೩. ಎರಡು ಪ್ರಶ್ನೆಗಳು, ಎರಡು ಕಾಲ

ಈ ಎಂಟು ಚಿಹ್ನೆಗಳನ್ನು ಲಿನಕ್ಸ್ ಕರ್ನಲ್ ಒಂದೇ ಸಲಕ್ಕೆ ಒಂದೇ ಪ್ರಶ್ನೆಯಾಗಿ ಓದುವುದಿಲ್ಲ. ಮೊದಲು ಕೊನೆಯ ಚಿಹ್ನೆಯನ್ನು ಮುಚ್ಚಿ, ಉಳಿದ ಏಳನ್ನು ಮಾತ್ರ ತನ್ನ ಪಟ್ಟಿಯೊಡನೆ ಹೋಲಿಸಿನೋಡುತ್ತದೆ. ಹೀಗೆ ಮುಚ್ಚುವುದಕ್ಕೆ ‘ಮಾಸ್ಕ್’ ಎಂದು ಹೆಸರು. ಹೋಲಿಕೆ ಸರಿಬಂದರೆ ಚಿಪ್ಪಿನ ಮಾದರಿ ನಿಶ್ಚಯವಾದಂತಾಯಿತು. ಇದಕ್ಕೆ ತಕ್ಕ ಡ್ರೈವರು ಯಾವುದೆಂಬುದೂ ಗೊತ್ತಾಯಿತು. ಆಮೇಲೆ, ಆವೃತ್ತಿಭೇದದಿಂದ ವ್ಯತ್ಯಾಸವಾಗತಕ್ಕ ಸ್ಥಳಗಳಲ್ಲಿ ಮಾತ್ರ, ಮುಚ್ಚಿದ ಚಿಹ್ನೆಯನ್ನು ತೆರೆದು ನೋಡುತ್ತದೆ.

ಈ ವಿಭಾಗದಲ್ಲಿ ದೊಡ್ಡ ವಿವೇಕವಿದೆ. ಎಂಟು ಚಿಹ್ನೆಗಳೂ ಸರಿಯಾಗಿ ಹೊಂದಿದರೆ ಮಾತ್ರ ಒಪ್ಪುವೆನೆಂದು ಹಟ ಹಿಡಿದರೆ, ತಯಾರಕನು ಒಂದು ಸಣ್ಣ ದೋಷವನ್ನು ತಿದ್ದಿ ಹೊಸ ಆವೃತ್ತಿಯನ್ನು ಹೊರಡಿಸಿದ ದಿನವೇ ಹಳೆಯ ಡ್ರೈವರು ನಿರುಪಯೋಗಿಯಾದೀತು. ಆವೃತ್ತಿಯನ್ನು ನೋಡುವುದೇ ಇಲ್ಲವೆಂದರೆ ದೋಷವುಳ್ಳ ಪ್ರತಿಯೂ ದೋಷವಿಲ್ಲದ ಪ್ರತಿಯೂ ಒಂದೇ ಆಗುವುವು.

ಎಸ್‌ಎ-೧೧೧೦ರ ಆವೃತ್ತಿಗಳನ್ನು ಎ೦, ಬಿ೦, ಬಿ೧, ಬಿ೨, ಬಿ೪ ಎಂದು ಕರೆಯುತ್ತಾರೆ. ಗುರುತಿನ ಕೊನೆಯ ಚಿಹ್ನೆಯಲ್ಲಿ ಇವುಗಳಿಗೆ ಕ್ರಮವಾಗಿ ೦, ೪, ೫, ೬, ೮ ಎಂಬ ಬೆಲೆಗಳು. ಸಂಖ್ಯೆಗಳು ಏರುತ್ತ ಹೋಗುತ್ತವೆಯಾದರೂ ಒಂದೊಂದಾಗಿ ಏರುವುದಿಲ್ಲ. ಆದುದರಿಂದ ಡ್ರೈವರನ್ನು ಬರೆಯುವವನು ‘ಮೂರನೆಯ ಆವೃತ್ತಿಯ ಬೆಲೆ ಮೂರಿರಬಹುದು’ ಎಂದು ಊಹಿಸಬಾರದು. ತಯಾರಕನ ಪಟ್ಟಿಯನ್ನೇ ನೋಡಿ ಬರೆಯತಕ್ಕದ್ದು.

೪. ಹದಿಮೂರನೆಯ ದೋಷ

ಈ ಚಿಪ್ಪಿನ ದೋಷಗಳ ಪಟ್ಟಿಯಲ್ಲಿ ಎರಡು ದೋಷಗಳು ನಮ್ಮ ವಿಷಯಕ್ಕೆ ಸಂಬಂಧಪಟ್ಟವು. ಏಳನೆಯದು, ಎ೦ ಆವೃತ್ತಿಯಲ್ಲಿ ನೆನಪುಕೋಶವು ತಾನಾಗಿ ಎಚ್ಚರಗೊಳ್ಳುವಲ್ಲಿ ಆಗುವ ವಿಫಲತೆ. ಹದಿಮೂರನೆಯದು ಇದಕ್ಕಿಂತ ಸೂಕ್ಷ್ಮ. ಎ೦, ಬಿ೦, ಬಿ೧ ಆವೃತ್ತಿಗಳಲ್ಲಿ ಹೊರಗಿನ ನೆನಪುಕೋಶವನ್ನು ಓದಿದ ಬೆನ್ನಿಗೇ ಚಿಪ್ಪಿನ ಒಳ ರಿಜಿಸ್ಟರುಗಳನ್ನು ಓದಿದರೆ ಅಥವಾ ಬರೆದರೆ ಅಲ್ಲಿಯ ಅಂಕಿಯು ಕೆಡಬಹುದು. ಬಿ೨ ಆವೃತ್ತಿಯಿಂದ ಮುಂದೆ ಈ ದೋಷವಿಲ್ಲ.

ಯಂತ್ರವು ನಿಂತುಹೋದರೆ ದೋಷವಿರುವುದು ತಿಳಿಯುತ್ತದೆ. ನಿಲ್ಲದೆ, ಒಂದು ಅಂಕಿಯನ್ನು ಸದ್ದಿಲ್ಲದೆ ಬೇರೆಮಾಡಿಕೊಂಡು ಕೆಲಸವನ್ನು ಮುಂದುವರಿಸಿದರೆ ಅದು ಯಾರಿಗೂ ತಿಳಿಯುವುದಿಲ್ಲ. ಇಂಥ ಕೇಡು ಯಾವ ಯಂತ್ರದಲ್ಲಾದರೂ ಕೆಟ್ಟದ್ದೇ. ಜನರ ದಾಖಲೆಗಳನ್ನು ಹೊರುವ ಯಂತ್ರದಲ್ಲಿ ಇನ್ನೂ ಕೆಟ್ಟದ್ದು. ಪ್ರತಿಕಾರನ ಕೈತಪ್ಪಿನಿಂದ ಪಾಠವು ಅರ್ಥವಿಲ್ಲದಂತಾದರೆ ಸಂಪಾದಕನು ಅಲ್ಲಿ ನಿಂತು ಯೋಚಿಸುತ್ತಾನೆ. ಬೇರೊಂದು ಅರ್ಥ ಕೊಡುವ ಅಪಪಾಠವಾದರೆ ಅದೇ ಮೂಲವೆಂದು ಶತಮಾನಗಳವರೆಗೆ ಸಾಗಿಬರಬಹುದು.

ಲಿನಕ್ಸಿನಲ್ಲಿ ಈ ಚಿಪ್ಪಿನ ವೇಗವನ್ನು ಬದಲಾಯಿಸುವ ಡ್ರೈವರನ್ನು ೨೦೦೧ರಲ್ಲಿ ರಸೆಲ್ ಕಿಂಗ್ ಅವರು ಬರೆದರು. ಚಿಪ್ಪಿನ ವೇಗವು ಬದಲಾದಾಗಲೆಲ್ಲ ನೆನಪುಕೋಶದ ತಾಳವನ್ನೂ ಲೆಕ್ಕಹಾಕಿ ಹೊಂದಿಸಬೇಕಾಗುತ್ತದೆ. ಆ ಲೆಕ್ಕದ ನಡುವೆ ಅವರು ಒಂದು ಷರತ್ತನ್ನು ಇಟ್ಟಿದ್ದಾರೆ. ಆವೃತ್ತಿಯು ಬಿ೨ಕ್ಕಿಂತ ಹಿಂದಿನದಾಗಿದ್ದು, ನೆನಪುಕೋಶದ ತಾಳವು ಸೆಕೆಂಡಿಗೆ ೬ ಕೋಟಿ ೨೦ ಲಕ್ಷಕ್ಕಿಂತ ಕಡಮೆಯಾಗಿದ್ದರೆ, ಆ ತಾಳವನ್ನು ಅರ್ಧಕ್ಕೆ ಇಳಿಸತಕ್ಕದ್ದು. ವೇಗವು ಕುಗ್ಗುತ್ತದೆ, ಅಂಕಿಯು ಉಳಿಯುತ್ತದೆ. ಎ೦ ಮತ್ತು ಬಿ೦ ಆವೃತ್ತಿಗಳನ್ನು ತಾವು ಗಣನೆಗೆ ತೆಗೆದುಕೊಂಡಿಲ್ಲವೆಂಬುದನ್ನೂ ಅವರು ಅಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟಿದ್ದಾರೆ. ತನ್ನ ಪರಿಶೀಲನೆಗೆ ಒಳಪಟ್ಟ ಪ್ರತಿಗಳಾವುವು, ಬಿಟ್ಟವುಗಳಾವುವು ಎಂದು ಪೀಠಿಕೆಯಲ್ಲಿ ಹೇಳುವ ಸಂಪಾದಕನ ಪ್ರಾಮಾಣಿಕತೆಯೇ ಇದೂ ಆಗಿದೆ.

ಇಲ್ಲಿ ಇನ್ನೊಂದನ್ನು ಗಮನಿಸಬೇಕು. ‘ಬಿ೨ಕ್ಕಿಂತ ಹಿಂದಿನದು’ ಎಂಬ ಮಾತಿನಲ್ಲಿ, ಒಮ್ಮೆ ತಿದ್ದಿದ ದೋಷವು ಮುಂದಿನ ಆವೃತ್ತಿಗಳಲ್ಲಿ ಮತ್ತೆ ತಲೆಯೆತ್ತುವುದಿಲ್ಲವೆಂಬ ನಂಬಿಕೆಯಿದೆ. ಈ ಚಿಪ್ಪಿನಲ್ಲಿ ಆ ನಂಬಿಕೆಗೆ ಆಧಾರವುಂಟು. ಎಲ್ಲ ಕಡೆಗೂ ಅದನ್ನು ವಿಸ್ತರಿಸುವುದು ಸಲ್ಲದು. ದೋಷವಿರುವ ಆವೃತ್ತಿಗಳ ಹೆಸರುಗಳನ್ನು ಬಿಡಿಬಿಡಿಯಾಗಿ ಪಟ್ಟಿಮಾಡುವುದೇ ಕೆಲವೆಡೆ ಕ್ಷೇಮಕರವಾಗಿರುತ್ತದೆ.

೫. ಸ್ವಸಾಕ್ಷ್ಯವು ಹುಸಿಯಾದಾಗ

ಚಿಪ್ಪು ತನ್ನ ಗುರುತನ್ನು ಸರಿಯಾಗಿ ಹೇಳುವುದೆಂದೇ ಇದುವರೆಗೆ ಭಾವಿಸಿದೆವು. ಹಾಗಾಗದ ಸಂದರ್ಭಗಳೂ ಉಂಟು. ೧೯೮೫ರಿಂದ ಬೆಂಗಳೂರಿನಲ್ಲಿಯೂ ವಿನ್ಯಾಸಕೇಂದ್ರವನ್ನು ನಡೆಸುತ್ತಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಒಮ್ಯಾಪ್ ಎಂಬ ಹೆಸರಿನ ಚಿಪ್‌ಗಳ ಮಾಲೆಯೊಂದನ್ನು ತಯಾರಿಸಿತು. ೨೦೦೯ರ ನೋಕಿಯ ಎನ್-೯೦೦ ಎಂಬ ದೂರವಾಣಿಯಲ್ಲಿ ಇದ್ದುದು ಈ ಮಾಲೆಯ ಒಮ್ಯಾಪ್-೩೪೩೦.

ಈ ಚಿಪ್‌ಗಳ ಗುರುತಿನ ರಿಜಿಸ್ಟರಿನಲ್ಲಿಯೂ ೩೨ ಬಿಟ್‌ಗಳಿವೆ. ಅತ್ಯಂತ ಕೆಳಗಿನ ಬಿಟ್ ಯಾವಾಗಲೂ ಒಂದು. ಅದರ ಮೇಲಿನ ೧೧ ಬಿಟ್‌ಗಳು ತಯಾರಕನ ಸಂಖ್ಯೆ. ಆಮೇಲಿನ ೧೬ ಮಾದರಿಯ ಸಂಖ್ಯೆ. ತುದಿಯ ನಾಲ್ಕು ಆವೃತ್ತಿ. ೧೯೯೦ರಲ್ಲಿ ಗೊತ್ತಾದ ಒಂದು ಅಂತರರಾಷ್ಟ್ರೀಯ ಮಾನಕವನ್ನು ಅನುಸರಿಸಿದ ಏರ್ಪಾಡು ಇದು. ಆದರೆ ಒಮ್ಯಾಪ್-೩೪೩೦ರ ಮೊತ್ತಮೊದಲ ಆವೃತ್ತಿಯಲ್ಲಿ ಈ ರಿಜಿಸ್ಟರನ್ನು ಕರ್ನಲ್ಲಿನಿಂದ ಓದಲಿಕ್ಕೇ ಬರುವುದಿಲ್ಲ. ಹಾಗಾದರೆ ಇದು ಮೊದಲ ಆವೃತ್ತಿಯೆಂದು ತಿಳಿಯುವ ಬಗೆ ಹೇಗೆ?

ಲಿನಕ್ಸ್ ಇಲ್ಲಿ ಬೇರೊಬ್ಬ ಸಾಕ್ಷಿಯನ್ನು ಕರೆಯುತ್ತದೆ. ಒಮ್ಯಾಪ್ ಚಿಪ್ಪಿನೊಳಗಿನ ಲೆಕ್ಕದ ತಿರುಳನ್ನು ರಚಿಸಿದವರು ಆರ್ಮ್ ಎಂಬ ಬೇರೆ ಸಂಸ್ಥೆಯವರು. ಆ ತಿರುಳಿಗೆ ತನ್ನದೇ ಆದ ಗುರುತೂ ಆವೃತ್ತಿಯೂ ಇವೆ. ತಿರುಳು ಕಾರ್ಟೆಕ್ಸ್-ಎ೮ ಆಗಿದ್ದು ಅದರ ಆವೃತ್ತಿ ಸೊನ್ನೆಯಾಗಿದ್ದರೆ, ಅದನ್ನು ಒಳಗೊಂಡ ಒಮ್ಯಾಪ್ ಮೊದಲ ಆವೃತ್ತಿಯದೇ ಎಂದು ನಿರ್ಣಯಿಸಬಹುದು. ಈ ಪರೀಕ್ಷೆಯನ್ನು ಮೊದಲು ಮಾಡಿ, ಅದು ಮೊದಲ ಆವೃತ್ತಿಯಲ್ಲವೆಂದು ತಿಳಿದ ಮೇಲೆಯೇ ಗುರುತಿನ ರಿಜಿಸ್ಟರಿನತ್ತ ಹೋಗುತ್ತಾರೆ. ಪ್ರಶ್ನೆಗಳ ಕ್ರಮವೂ ವಿನ್ಯಾಸದ ಒಂದು ಅಂಗವೆಂಬುದಕ್ಕೆ ಇದೊಂದು ನಿದರ್ಶನ.

ಇದೇ ಮಾಲೆಯ ಒಮ್ಯಾಪ್-೪೪೩೦ರ ಕಥೆ ಇನ್ನೂ ಬೋಧಪ್ರದವಾಗಿದೆ. ಅದರ ಎರಡನೆಯ ಆವೃತ್ತಿಯ ಮೊದಮೊದಲಿನ ಕೆಲವು ಮಾದರಿ ಚಿಪ್‌ಗಳಲ್ಲಿ ಗುರುತಿನ ಸಂಖ್ಯೆಯನ್ನು ಬದಲಾಯಿಸದೆ ಹಾಗೆಯೇ ಬಿಟ್ಟಿದ್ದರು. ಚಿಪ್ಪು ಎರಡನೆಯ ಆವೃತ್ತಿಯದು. ಅದು ಹೇಳಿಕೊಳ್ಳುವುದು ಮೊದಲನೆಯ ಆವೃತ್ತಿಯೆಂದು. ಇಲ್ಲಿಯೂ ಕರ್ನಲ್ ತಿರುಳಿನ ಆವೃತ್ತಿಯನ್ನು ಕೇಳಿ ನಿಜವನ್ನು ಕಂಡುಕೊಳ್ಳುತ್ತದೆ. ಈ ಪರೀಕ್ಷೆಯನ್ನು ಸಂದೇಹಕ್ಕೆ ಎಡೆಯಿರುವಲ್ಲಿ ಮಾತ್ರ, ಎಂದರೆ ಗುರುತಿನ ಸಂಖ್ಯೆಯು ಸೊನ್ನೆಯನೆಯ ಆವೃತ್ತಿಯನ್ನು ಹೇಳಿದಲ್ಲಿ ಮಾತ್ರ, ಮಾಡುತ್ತಾರೆಂಬುದು ಗಮನಾರ್ಹ. ಉಳಿದೆಡೆಗಳಲ್ಲಿ ಚಿಪ್ಪಿನ ಮಾತನ್ನೇ ಒಪ್ಪುತ್ತಾರೆ.

ಸವದತ್ತಿಯ ಕಲ್ಲಿಗೂ ಈ ಚಿಪ್ಪಿಗೂ ಇರುವ ಸಾಮ್ಯವನ್ನು ವಾಚಕರು ಈಗಾಗಲೇ ಊಹಿಸಿರಬಹುದು. ಎರಡರಲ್ಲಿಯೂ ಬರೆಹವು ಸ್ಪಷ್ಟವಾಗಿದೆ, ಓದಿನಲ್ಲಿ ತೊಡಕಿಲ್ಲ. ಬರೆದುದು ವಸ್ತುಸ್ಥಿತಿಯೊಡನೆ ಹೊಂದುವುದಿಲ್ಲ. ಎರಡರಲ್ಲಿಯೂ ನಿರ್ಣಯಕ್ಕೆ ನೆರವಾದುದು, ಬರೆದವನ ಕೈಗೆ ಸಿಕ್ಕದ ಬೇರೊಂದು ಸಾಕ್ಷ್ಯ: ಅಲ್ಲಿ ಮೊಮ್ಮಗನ ಕಾಲ, ಇಲ್ಲಿ ತಿರುಳಿನ ಆವೃತ್ತಿ.

೬. ಒಂದೇ ಹೆಸರು, ಹಲವು ಆವೃತ್ತಿ. ಮತ್ತು ಅಪರಿಚಿತನ ಪ್ರಶ್ನೆ

ಗಣಕಯಂತ್ರದೊಳಗೆ ಚಿಪ್‌ಗಳನ್ನು ಸೇರಿಸಲು ಬಳಸುವ ಪಿಸಿಐ ಎಂಬ ಏರ್ಪಾಡಿನಲ್ಲಿ ಪ್ರತಿಯೊಂದು ಚಿಪ್ಪೂ ೧೬ ಬಿಟ್‌ಗಳ ತಯಾರಕಸಂಖ್ಯೆ, ೧೬ ಬಿಟ್‌ಗಳ ಮಾದರಿಸಂಖ್ಯೆ, ೮ ಬಿಟ್‌ಗಳ ಆವೃತ್ತಿಸಂಖ್ಯೆಗಳನ್ನು ಗೊತ್ತಾದ ಸ್ಥಳದಲ್ಲಿ ಹೇಳಲೇಬೇಕೆಂಬ ನಿಯಮವಿದೆ. ಡ್ರೈವರು ತಾನು ನಡೆಸಬಲ್ಲ ಚಿಪ್‌ಗಳ ಪಟ್ಟಿಯನ್ನು ಕರ್ನಲ್ಲಿಗೆ ಒಪ್ಪಿಸುತ್ತದೆ. ಕರ್ನಲ್ ಎರಡನ್ನೂ ಹೊಂದಿಸುತ್ತದೆ. ನೋಡಲಿಕ್ಕೆ ಸಂದೇಹಕ್ಕೆ ಎಡೆಯಿಲ್ಲದ ವ್ಯವಸ್ಥೆ.

ಆದರೆ ಗಣಕಗಳನ್ನು ಜಾಲಕ್ಕೆ ಸೇರಿಸಲು ಲೋಕದಲ್ಲೆಲ್ಲ ಬಳಕೆಯಲ್ಲಿರುವ ರಿಯಲ್‌ಟೆಕ್ ಸಂಸ್ಥೆಯ ೮೧೬೮ ಎಂಬ ಚಿಪ್ಪನ್ನು ನೋಡಿರಿ. ಅನೇಕ ವರ್ಷಗಳಿಂದ ಅದರ ಒಳರಚನೆಯು ಮತ್ತೆ ಮತ್ತೆ ಬದಲಾಗಿದೆ. ಮಾದರಿಸಂಖ್ಯೆ ಮಾತ್ರ ೮೧೬೮ ಆಗಿಯೇ ಉಳಿದಿದೆ. ಒಂದೇ ಹೆಸರಿನ ಕವಿಗಳು ಹಲವರಿದ್ದಾಗ ಸಾಹಿತ್ಯಚರಿತ್ರಕಾರನಿಗೆ ಬರುವ ಕಷ್ಟವೇ ಇದು. ಆದುದರಿಂದ ಇದರ ಡ್ರೈವರು, ಚಿಪ್ಪಿನ ಒಳಗಿನ ಬೇರೊಂದು ರಿಜಿಸ್ಟರಿನ ಮೇಲ್ಭಾಗದ ಬಿಟ್‌ಗಳನ್ನು ಓದಿ, ನಾಲ್ವತ್ತಕ್ಕೂ ಮೀರಿದ ಪ್ರಭೇದಗಳಲ್ಲಿ ಇದು ಯಾವುದೆಂದು ತನ್ನದೇ ಪಟ್ಟಿಯಿಂದ ನಿರ್ಣಯಿಸುತ್ತದೆ. ಆ ಪಟ್ಟಿಯಲ್ಲಿ ವಿಶೇಷ ಲಕ್ಷಣಗಳುಳ್ಳವು ಮೊದಲು, ಸಾಮಾನ್ಯ ಲಕ್ಷಣವುಳ್ಳವು ಆಮೇಲೆ ಬರುತ್ತವೆ. ಮೊದಲು ಹೊಂದಿದುದೇ ಉತ್ತರ. ವ್ಯಾಕರಣದಲ್ಲಿ ಉತ್ಸರ್ಗವನ್ನು ಅಪವಾದವು ಬಾಧಿಸುವಂತೆ ಇಲ್ಲಿಯೂ ವಿಶೇಷವಿಧಿಯು ಸಾಮಾನ್ಯವಿಧಿಯನ್ನು ಬಾಧಿಸುತ್ತದೆ. ಕ್ರಮವನ್ನು ತಲೆಕೆಳಗು ಮಾಡಿದರೆ ಸಾಮಾನ್ಯ ಲಕ್ಷಣವೇ ಎಲ್ಲವನ್ನೂ ನುಂಗಿಬಿಡುತ್ತದೆ.

ಪಟ್ಟಿಯಲ್ಲಿ ಎಲ್ಲಿಯೂ ಸೇರದ ಚಿಪ್ಪು ಬಂದರೆ ಮಾಡತಕ್ಕದ್ದೇನು? ಈ ಡ್ರೈವರಿನ ಚರಿತ್ರೆಯಲ್ಲಿಯೇ ಎರಡು ಬಗೆಯ ಉತ್ತರಗಳು ಸಿಕ್ಕುತ್ತವೆ. ಹಿಂದೆ ಅದು, ಪ್ರಭೇದವು ತಿಳಿಯದೆಂದು ಬರೆದು, ಕುಲದ ಸಾಮಾನ್ಯ ರೂಪವೊಂದನ್ನು ಹಿಡಿದು ನಡೆಸುತ್ತಿದ್ದಿತು. ಈಚೆಗೆ, ಗೊತ್ತಿಲ್ಲದ ಗುರುತನ್ನು ಬರೆದು ತೋರಿಸಿ, ಡ್ರೈವರನ್ನು ನೋಡಿಕೊಳ್ಳುವವರಿಗೆ ತಿಳಿಸಿರೆಂದು ಹೇಳಿ, ಚಿಪ್ಪನ್ನು ನಡೆಸಲು ಒಪ್ಪದೆ ಹಿಂದೆಗೆಯುತ್ತದೆ. ಮೊದಲನ ಕ್ರಮದಿಂದ ಹೊಸ ಚಿಪ್ಪಿನವರಿಗೆ ಕೂಡಲೇ ಕೆಲಸ ನಡೆಯುವ ಅನುಕೂಲವುಂಟು. ಒಳಗೊಳಗೆ ಕೆಡುವ ಭಯವೂ ಉಂಟು. ಎರಡನೆಯದರಲ್ಲಿ ಕೆಲಸವು ನಿಲ್ಲುತ್ತದೆ, ಕೇಡು ಬಯಲಾಗುತ್ತದೆ. ತಪ್ಪಿನಿಂದ ಸ್ವಲ್ಪ ವೇಗವಷ್ಟೇ ಹೋಗುವಲ್ಲಿ ಮೊದಲನೆಯದೂ, ಅಂಕಿಯೇ ಕೆಡಬಹುದಾದಲ್ಲಿ ಎರಡನೆಯದೂ ತಕ್ಕುದೆಂದು ನಮ್ಮ ಅಭಿಪ್ರಾಯ.

೭. ಹೆಸರನ್ನು ಕೇಳದೆ ನಡತೆಯನ್ನು ನೋಡುವುದು

೧೯೯೪ರಲ್ಲಿ ಇಂಟೆಲ್ಲಿನ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರದ ದೋಷವೊಂದು ಬಯಲಿಗೆ ಬಂದು ಲೋಕಪ್ರಸಿದ್ಧವಾಯಿತು. ೪೧೯೫೮೩೫ನ್ನು ೩೧೪೫೭೨೭ರಿಂದ ಭಾಗಿಸಿ, ಬಂದ ಲಬ್ಧವನ್ನು ಮತ್ತೆ ಅದೇ ಸಂಖ್ಯೆಯಿಂದ ಗುಣಿಸಿ, ಮೊದಲ ಸಂಖ್ಯೆಯಿಂದ ಕಳೆದರೆ ಸೊನ್ನೆ ಉಳಿಯಬೇಕಷ್ಟೆ. ದೋಷವುಳ್ಳ ಚಿಪ್ಪಿನಲ್ಲಿ ೨೫೬ ಉಳಿಯುತ್ತಿದ್ದಿತು. ಲಿನಕ್ಸ್ ಇಲ್ಲಿ ಚಿಪ್ಪಿನ ಆವೃತ್ತಿಯನ್ನು ಕೇಳುವ ಗೋಜಿಗೆ ಹೋಗದೆ, ಎಚ್ಚರಗೊಳ್ಳುವಾಗ ಈ ಲೆಕ್ಕವನ್ನೇ ಮಾಡಿಸಿ ನೋಡುವ ಪರೀಕ್ಷೆಯನ್ನು ಇಟ್ಟುಕೊಂಡಿತು.

ಹೆಸರಿನ ಮೇಲೆ ಭರವಸೆಯಿಡುವುದಕ್ಕಿಂತ ನಡತೆಯನ್ನು ಪರೀಕ್ಷಿಸುವುದು ಮೇಲಲ್ಲವೆ ಎಂದು ಕೇಳಬಹುದು. ಪರೀಕ್ಷೆಯು ಚಿಕ್ಕದೂ ನಿರಪಾಯವೂ ಆಗಿದ್ದು, ಪ್ರತಿಸಲವೂ ಒಂದೇ ಉತ್ತರವನ್ನು ಕೊಡುವಂತಿದ್ದರೆ ಹೌದು. ಹದಿಮೂರನೆಯ ದೋಷದಂಥದನ್ನು ಹೀಗೆ ಪರೀಕ್ಷಿಸಲಾಗದು. ಅದು ಕಾಲದ ಸೂಕ್ಷ್ಮವನ್ನು ಅನುಸರಿಸಿ ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಪರೀಕ್ಷೆಯಲ್ಲಿ ಗೆದ್ದ ಚಿಪ್ಪು ಮರುಗಳಿಗೆಯಲ್ಲಿ ತಪ್ಪಬಹುದು. ಅಂಥಲ್ಲಿ ಆವೃತ್ತಿಯ ಸಂಖ್ಯೆಯೇ ಗತಿ.

ತಮ್ಮ ಹೆಸರನ್ನು ಹೇಳಲಾರದ ಚಿಪ್‌ಗಳೂ ಬಹಳವಾಗಿವೆ. ಅವುಗಳನ್ನು ಕೆದಕಿ ಕೇಳಹೋದರೆ ಯಂತ್ರವೇ ನಿಂತುಹೋಗಬಹುದು. ಇವುಗಳಿಗಾಗಿ ಯಂತ್ರವನ್ನು ಕಟ್ಟಿದವರೇ ಒಂದು ವಿವರಪತ್ರವನ್ನು ಬರೆದು ಕರ್ನಲ್ಲಿಗೆ ಒಪ್ಪಿಸುತ್ತಾರೆ. ೨೦೧೧ರಿಂದ ಈಚೆಗೆ ಆರ್ಮ್ ಕುಲದ ಯಂತ್ರಗಳಲ್ಲಿ ಈ ಪದ್ಧತಿಯೇ ಬೆಳೆದುಬಂದಿದೆ. ಅದರಲ್ಲಿ ಚಿಪ್ಪಿನ ನಿಶ್ಚಿತವಾದ ಹೆಸರನ್ನು ಮೊದಲೂ, ಅದು ಯಾವ ಹಳೆಯ ಚಿಪ್ಪಿನಂತೆ ನಡೆಯುವುದೋ ಅದರ ಹೆಸರನ್ನು ಆಮೇಲೂ ಬರೆಯಬೇಕು. ಇಂದು ಎರಡೂ ಒಂದೇ ಎಂದು ತೋರಿದರೂ ನಿಶ್ಚಿತವಾದ ಹೆಸರನ್ನು ಬಿಡಕೂಡದು. ಮುಂದೆಂದಾದರೂ ಆ ಮಾದರಿಗೆ ಮಾತ್ರ ಇರುವ ದೋಷವು ಕಂಡುಬಂದಾಗ, ಆ ಹೆಸರೊಂದೇ ಅದನ್ನು ಬೇರ್ಪಡಿಸಲು ಆಧಾರವಾಗುತ್ತದೆ.

೮. ಫಲಿತಾಂಶ

ಮೇಲಿನ ವಿಚಾರದಿಂದ ಡ್ರೈವರನ್ನು ರಚಿಸುವವನು ಪಾಲಿಸತಕ್ಕ ಕ್ರಮವನ್ನು ಹೀಗೆ ಸಂಗ್ರಹಿಸಬಹುದು. ಮಾದರಿಯನ್ನೂ ಆವೃತ್ತಿಯನ್ನೂ ಬೇರೆ ಬೇರೆಯಾಗಿ ಕೇಳಬೇಕು. ಕೇಳುವುದನ್ನು ಯಂತ್ರವು ಎಚ್ಚರಗೊಳ್ಳುವಾಗ ಒಂದೇ ಸ್ಥಳದಲ್ಲಿ ಒಂದೇ ಸಲ ಮಾಡಿ, ಬಂದ ಉತ್ತರವನ್ನು ದಿನಚರಿಯಲ್ಲಿ ಬರೆದಿಡಬೇಕು. ಮುಂದೆ ದೋಷವನ್ನು ಹುಡುಕುವವನಿಗೆ ಅದೇ ಮೊದಲ ದಾಖಲೆ. ಡ್ರೈವರಿನ ಉಳಿದ ಭಾಗಗಳು ‘ನೀನು ಬಿ೧ ಆವೃತ್ತಿಯೇ?’ ಎಂದು ಅಲ್ಲಲ್ಲಿ ಕೇಳುತ್ತ ಹೋಗದೆ, ‘ಈ ದೋಷವು ನಿನ್ನಲ್ಲಿದೆಯೇ?’ ಎಂದು ಮಾತ್ರ ಕೇಳುವಂತೆ ಪ್ರತಿಯೊಂದು ಆವೃತ್ತಿಯ ಗುಣದೋಷಗಳನ್ನೂ ಒಂದು ಕೋಷ್ಟಕದಲ್ಲಿ ಸೇರಿಸಿಡಬೇಕು. ಹಾಗೆ ಮಾಡಿದರೆ ಹೊಸ ಆವೃತ್ತಿಯು ಬಂದಾಗ ಕೋಷ್ಟಕಕ್ಕೆ ಒಂದು ಸಾಲನ್ನು ಸೇರಿಸಿದರೆ ಸಾಕು. ಇಡೀ ಗ್ರಂಥವನ್ನು ತಿದ್ದಬೇಕಾಗಿ ಬರುವುದಿಲ್ಲ. ಚಿಪ್ಪಿನ ಸ್ವಸಾಕ್ಷ್ಯವನ್ನು ಸಾಮಾನ್ಯವಾಗಿ ಒಪ್ಪಬೇಕು. ಅದು ಹುಸಿಯಾಗಬಹುದೆಂದು ತಿಳಿದಿರುವ ಸ್ಥಳದಲ್ಲಿ ಬೇರೆ ಸಾಕ್ಷ್ಯದಿಂದ ಪರೀಕ್ಷಿಸಬೇಕು. ಅಪರಿಚಿತವಾದುದನ್ನು ಪರಿಚಿತವೆಂದು ನಟಿಸಬಾರದು.

ಇವುಗಳಲ್ಲಿ ಒಂದೂ ನಮ್ಮ ಸಂಪಾದನಶಾಸ್ತ್ರಕ್ಕೆ ಅಪರಿಚಿತವಾದ ನಿಯಮವಲ್ಲ. ಪ್ರತಿಗಳಿಗೆ ಸಂಕೇತಾಕ್ಷರಗಳನ್ನು ಕೊಡುವುದು, ಪ್ರತಿಯೊಂದರ ಲಕ್ಷಣವನ್ನು ಪೀಠಿಕೆಯಲ್ಲಿ ಒಮ್ಮೆ ಹೇಳುವುದು, ಪಾಠಾಂತರಗಳನ್ನು ಕೆಳಗೆ ಕೊಡುವುದು, ಲಿಪಿಕಾರನ ಮಾತನ್ನು ಲಿಪಿಯ ಲಕ್ಷಣದೊಡನೆ ಹೋಲಿಸುವುದು — ಇವೆಲ್ಲವೂ ಅದೇ ಎಚ್ಚರದ ಬೇರೆ ರೂಪಗಳು. ನಮ್ಮ ಕಾಲೇಜುಗಳಲ್ಲಿ ಗ್ರಂಥಸಂಪಾದನೆಯನ್ನು ಪಾಠಹೇಳುವ ಅಧ್ಯಾಪಕರು, ಮುಂದೆ ಯಂತ್ರವಿದ್ಯೆಯ ಕಡೆಗೆ ಹೋಗತಕ್ಕ ವಿದ್ಯಾರ್ಥಿಗಳಿಗೂ ತಮ್ಮ ಶಾಸ್ತ್ರವು ಬೇಕಾದುದೆಂದು ಧೈರ್ಯವಾಗಿ ಹೇಳಬಹುದು. ರೈತನ ಉತಾರವೂ ರೋಗಿಯ ವಿವರವೂ ವಿದ್ಯಾರ್ಥಿಯ ಅಂಕಪಟ್ಟಿಯೂ ಚಿಪ್‌ಗಳ ಮೂಲಕವೇ ಹಾದುಹೋಗುತ್ತಿರುವ ಈ ಕಾಲದಲ್ಲಿ, ಯಾವ ಪ್ರತಿಯನ್ನು ಓದುತ್ತಿದ್ದೇವೆಂದು ಓದುವುದಕ್ಕೆ ಮೊದಲೇ ನಿಶ್ಚಯಿಸಿಕೊಳ್ಳುವ ಅಭ್ಯಾಸವು ಎರಡು ವಿದ್ಯೆಗಳಿಗೂ ಸಮಾನವಾಗಿ ಆವಶ್ಯಕವಾಗಿದೆ.